ಪಿಂಚಣಿದಾರರ ಕಾಲಿನ ಬಲವನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಒಳ್ಳೆಯ ಬರಹಗಳು ಬರುತ್ತವೆ. ನಾನು ತಪ್ಪದೆ ಓದುತ್ತೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು. ಈಗ ನಿವೃತ್ತಿಯಾಗಿ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ನಮ್ಮ ಊರನ್ನು ಪಿಂಚಣಿದಾರರ ಸ್ವರ್ಗ ಅನ್ನುತ್ತಾರಲ್ಲ, ನಮ್ಮ ಬೀದಿಯಲ್ಲೂ ಪಿಂಚಣಿ ಪಡೆಯುವವರೇ ಜಾಸ್ತಿ. ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಬಿಪಿ ನೋಡುವ ಯಂತ್ರ ಇದೆ, ಸಕ್ಕರೆ ನೋಡುವ ಸ್ಟ್ರಿಪ್ ಇದೆ. ಆದರೆ ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತಾ ಎಂದು ಅವರನ್ನು ಯಾರೂ ಕೇಳಿಲ್ಲ. ಈ ಪತ್ರ ಅದರ ಬಗ್ಗೆ.

ನಮ್ಮಕ್ಕ ದೂರವಾಣಿ ಇಲಾಖೆಯಲ್ಲಿ ದುಡಿದವಳು. ನಿವೃತ್ತಿಯಾದ ಮರುವರ್ಷ ಬಾಗಿಲಿಗೆ ರಂಗೋಲಿ ಹಾಕಿ ಏಳುವಾಗ ಒದ್ದೆ ನೆಲದಲ್ಲಿ ಕಾಲು ಜಾರಿತು. ಅಂಗೈ ಊರಿ ಬಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಪಿಒಪಿ ಕಟ್ಟು ಹಾಕಿದರು, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಮೂಳೆ ಕೂಡಿಕೊಂಡ ಮೇಲೆ ಕಟ್ಟು ಬಿಚ್ಚಿ ಮನೆಗೆ ಕಳಿಸಿದರು. ನಿಂತಷ್ಟು ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಯಾಕೆ ಮುರಿಯಿತು ಎಂದು ಅಲ್ಲಿ ಯಾರೂ ಯೋಚಿಸಲಿಲ್ಲ. ಮೂಳೆ ಎಷ್ಟು ಗಟ್ಟಿ ಇದೆ ಎಂಬ ಪರೀಕ್ಷೆಗೂ ಬರೆಯಲಿಲ್ಲ. ಕೆಲವು ವರ್ಷಗಳಾದ ಮೇಲೆ ಬಚ್ಚಲಲ್ಲಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡಳು. ರಾಡ್ ಹಾಕಿದರು. ಇವತ್ತಿಗೂ ವಾಕರ್ ಹಿಡಿದೇ ನಡೆಯುತ್ತಾಳೆ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ವಯಸ್ಸಾಯ್ತಲ್ಲ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೊದಲ ಸಲ ಮಣಿಕಟ್ಟು ಮುರಿದಾಗಲೇ ಅವಳ ಮೂಳೆ ಸುದ್ದಿ ಕೊಟ್ಟಿತ್ತು. ಐವತ್ತು ದಾಟಿದವರು ನಿಂತ ಕಡೆ ಬಿದ್ದು ಮೂಳೆ ಮುರಿದುಕೊಂಡರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಇದೆಯಾ ಎಂದು ನೋಡಲೇಬೇಕು. ಹಾಗೆ ಒಮ್ಮೆ ಮುರಿದವರಿಗೆ ಇನ್ನೊಂದು ಕಡೆ ಮುರಿಯುವ ಅಪಾಯ ಬೇರೆಯವರಿಗಿಂತ ಜಾಸ್ತಿ. ನೋಡುವುದು ಕಷ್ಟವೂ ಅಲ್ಲ. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಎಂಬ ಪರೀಕ್ಷೆ ಇದೆ, ನೋವಿಲ್ಲ, ಸ್ವಲ್ಪ ಹೊತ್ತು ಮಲಗಿದ್ದರೆ ಸಾಕು. ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿದರೆ ನಮ್ಮದು ಹೇಗಿದೆ ಎಂದು ಹೇಳುವ ಟಿ ಸ್ಕೋರ್ ಎಂಬ ಅಂಕಿ ಅದರಲ್ಲಿ ಬರುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಗೆರೆ ಎಳೆದಿದೆ. ಔಷಧಿಯೂ ಇದೆ. ವಾರಕ್ಕೊಂದು ಮಾತ್ರೆ ಇದೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಔಷಧಿ ಇದೆ. ಯಾರಿಗೆ ಯಾವುದು ಎಂದು ವೈದ್ಯರು ಹೇಳಬೇಕು, ನಿಜ. ಆದರೆ ಮುರಿದ ಮೂಳೆಯನ್ನು ಜೋಡಿಸಿ ಕಳಿಸಿದರೆ ಅರ್ಧ ಕೆಲಸ ಮಾತ್ರ ಆದ ಹಾಗಲ್ವಾ?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಮಂಡಿ ನೋವು ಬಂದರೆ ಸಾಕು, ಮೂಳೆ ಸವೆದಿದೆ ಅನ್ನುತ್ತಾರೆ. ಮಂಡಿಯಲ್ಲಿ ಸಾಮಾನ್ಯವಾಗಿ ಸವೆಯುವುದು ಕೀಲಿನ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯಲ್ಲಿರುವ ನುಣುಪಾದ ಪದರ. ಅದಕ್ಕೆ ನೋವಿದೆ, ಆದ್ದರಿಂದ ಡಾಕ್ಟರ ಹತ್ತಿರ ಓಡುತ್ತೇವೆ. ಮೂಳೆ ಒಳಗೊಳಗೇ ಟೊಳ್ಳಾಗುವುದು ಬೇರೆ ತೊಂದರೆ. ಗೆದ್ದಲು ಹಿಡಿದ ತೊಲೆಯ ಹಾಗೆ, ಮುರಿಯುವವರೆಗೂ ಹೊರಗೆ ಏನೂ ಕಾಣಿಸುವುದಿಲ್ಲ. ಕೆಲವರಿಗೆ ಬೆನ್ನುಮೂಳೆ ಕುಸಿದರೂ ಗೊತ್ತಾಗುವುದಿಲ್ಲ. ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ಮೊದಲು ಸರಿಯಾಗಿದ್ದ ನೈಟಿ ಈಗ ನೆಲಕ್ಕೆ ತಾಗುತ್ತಿದ್ದರೆ ಅದು ಬಟ್ಟೆಯ ತಪ್ಪಲ್ಲ. ಹರೆಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚು ಕುಗ್ಗಿದ್ದರೆ ದಯವಿಟ್ಟು ಬೆನ್ನಿನ ಎಕ್ಸ್‌ರೇ ಮಾಡಿಸಿ.

ಇದು ಹೆಂಗಸರ ಕಾಯಿಲೆ ಎಂದು ಗಂಡಸರು ಸುಮ್ನೆ ಇರಬಾರದು. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಹೆಂಗಸರ ಮೂಳೆ ಬೇಗ ಬೇಗ ಕರಗುತ್ತದೆ. ಗಂಡಸರಿಗೆ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಸೊಂಟ ಮುರಿದ ಮೊದಲ ವರ್ಷದಲ್ಲಿ ಸಾಯುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಜಾಸ್ತಿ.

ಇಷ್ಟು ಮೂಳೆಯ ಮಾತಾಯಿತು. ಆದರೆ ಅಕ್ಕ ಬಿದ್ದದ್ದು ಮೂಳೆಯಿಂದಲ್ಲ. ಜಾರಿದ ಕಾಲನ್ನು ತಡೆದು ನಿಲ್ಲಿಸುವ ಬಲ ತೊಡೆಯಲ್ಲಿ ಇರಲಿಲ್ಲ, ಅದಕ್ಕೇ ಬಿದ್ದಳು. ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ ತುಂಬಾ ಹೊತ್ತು ಕೆಲಸ ಮಾಡುವ ಎಳೆಗಳು ಒಂದು ಬಗೆ. ತಟ್ಟನೆ ಜೋರಾಗಿ ಎಳೆಯುವ ಎಳೆಗಳು ಇನ್ನೊಂದು ಬಗೆ. ಎಡವಿದಾಗ ಕಾಲನ್ನು ಮುಂದಿಟ್ಟು ನಮ್ಮನ್ನು ಉಳಿಸುವುದು ಈ ಎರಡನೆಯವು. ವಯಸ್ಸಾದ ಹಾಗೆ ಹೆಚ್ಚಾಗಿ ಸಣ್ಣಗಾಗುವುದೂ ಇವೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತದೆ, ಅರವತ್ತಾದ ಮೇಲೆ ಇನ್ನೂ ಬೇಗ ಎಂದು ತಿಳಿದವರು ಹೇಳುತ್ತಾರೆ. ಅಷ್ಟೇ ಅಲ್ಲ, ಸ್ನಾಯು ಎಷ್ಟು ಕುಗ್ಗುತ್ತದೋ ಅದಕ್ಕಿಂತ ಬೇಗ ಬಲ ಕುಗ್ಗುತ್ತದೆ. ತೂಕದ ಯಂತ್ರ ಇದನ್ನು ತೋರಿಸುವುದಿಲ್ಲ. ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಬಂದು ಕೂತರೆ ತೂಕ ಹಾಗೇ ಇರುತ್ತದೆ.

ಸ್ನಾಯು ಹೀಗೆ ಕರಗುವುದನ್ನು ನಿವೃತ್ತಿ ಇನ್ನೂ ಸುಲಭ ಮಾಡಿಕೊಡುತ್ತದೆ ಎಂಬುದು ನಾನು ಕಣ್ಣಾರೆ ಕಂಡದ್ದು. ಮೇಷ್ಟ್ರ ಕೆಲಸ ಎಂದರೆ ದಿನವಿಡೀ ನಿಲ್ಲಬೇಕು. ಮಹಡಿ ಹತ್ತಿ ಇಳಿಯಬೇಕು, ಬಸ್ಸು ಹಿಡಿಯಬೇಕು, ಪುಸ್ತಕದ ಕಟ್ಟು ಹೊರಬೇಕು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ ಶಾಲು ಹೊದಿಸಿ, ಇನ್ನು ಆರಾಮಾಗಿರಿ ಎಂದು ಕಳಿಸುತ್ತಾರೆ. ಮಾರನೆಯ ದಿನದಿಂದ ಆ ಕೆಲಸ ಒಂದೂ ಇಲ್ಲ. ಮನೆಯಲ್ಲಿ ಮಕ್ಕಳು, ಸೊಸೆಯಂದಿರು ಪ್ರೀತಿಯಿಂದಲೇ ಕೈಯಲ್ಲಿದ್ದ ಬಕೆಟ್ಟು ಕಿತ್ತುಕೊಳ್ಳುತ್ತಾರೆ. ಅಮ್ಮ, ನೀವು ಎತ್ತಬೇಡಿ. ಅಪ್ಪ, ಸಿಲಿಂಡರ್ ಮುಟ್ಟಬೇಡಿ. ತರಕಾರಿ ಚೀಲ ಹುಡುಗ ತರ್ತಾನೆ ಬಿಡಿ. ಊಟ ಮೇಜಿನ ಮೇಲೆ, ಪೂಜೆ ಸ್ಟೂಲಿನ ಮೇಲೆ, ಬಚ್ಚಲಲ್ಲಿ ಕಮೋಡು. ನೆಲದ ಮೇಲೆ ಕೂತು ಏಳುವ ಸಂದರ್ಭವೇ ದಿನದಲ್ಲಿ ಬರುವುದಿಲ್ಲ. ಕಮೋಡು ಬೇಡ ಎಂದು ನಾನು ಹೇಳುತ್ತಿಲ್ಲ, ಮಂಡಿ ನೋವಿದ್ದವರಿಗೆ ಅದು ಬೇಕೇ ಬೇಕು. ಆದರೆ ಅದರಿಂದ ತಪ್ಪಿಹೋದ ಕೆಲಸವನ್ನು ತೊಡೆಗೆ ಬೇರೆ ಹೊತ್ತಿನಲ್ಲಿ ಕೊಡಬೇಕಲ್ಲ?

ಮಕ್ಕಳಲ್ಲಿ ನನ್ನ ಬೇಡಿಕೆ ಇಷ್ಟೇ. ಅಪ್ಪ ಅಮ್ಮನಿಗೆ ಬೀಳದ ಹಾಗೆ ಮನೆ ಸರಿಮಾಡಿಕೊಡಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ, ರಾತ್ರಿ ಎದ್ದು ಹೋಗುವ ದಾರಿಯಲ್ಲಿ ದೀಪ ಇರಲಿ. ಆದರೆ ಅವರಿಗೆ ಆಗುವ ಕೆಲಸವನ್ನು ಕಿತ್ತುಕೊಳ್ಳಬೇಡಿ.

ನಾವು ನಡೀತೀವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಬಂದು ನೋಡಿ, ತಲೆ ನರೆತವರ ಸಾಲೇ ಇರುತ್ತದೆ. ನೋಡಿದರೆ ಸಂತೋಷವಾಗುತ್ತದೆ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟಾದ ದಾರಿಯಲ್ಲಿ ಮಾತಾಡಿಕೊಂಡು ನಡೆದರೆ ಹೆಚ್ಚಾಗಿ ಕೆಲಸ ಮಾಡುವುದು ಆ ನಿಧಾನದ ಎಳೆಗಳು. ತಟ್ಟನೆ ಎಳೆಯುವ ಎಳೆಗಳಿಗೆ ಭಾರ ಬೇಕು. ಮೂಳೆಗೂ ಭಾರವೇ ಬೇಕು. ಭಾರವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ತಿಂಗಳಿಗೆ ಶೇ 1ರಷ್ಟು ಮೂಳೆ ಕಳೆದುಕೊಳ್ಳುತ್ತಾರೆ. ಆರೋಗ್ಯವಾಗಿರುವ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇಟ್ಟು ಅಮೆರಿಕದಲ್ಲಿ ನೋಡಿದಾಗ ಕಾಲಿನಲ್ಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಜ್ವರ ಬಂದು ವಾರ ಮಲಗಿದ ಅಜ್ಜ ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಕಾರಣ ಹೆಚ್ಚಾಗಿ ಇದೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಇದು ಸ್ಪಷ್ಟವಾಗಿದೆ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು. ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ವಾರಕ್ಕೆ ಮೂರು ದಿನವಾದರೂ ಸಮತೋಲನ ಕಾಯುವ ಅಭ್ಯಾಸ ಇರಬೇಕು. ಮೊದಲನೆಯದು ಎಲ್ಲರಿಗೂ ಗೊತ್ತು. ಉಳಿದ ಎರಡು ನಮ್ಮ ಪಾರ್ಕುಗಳಿಗೆ ಬಂದೇ ಇಲ್ಲ. ಪಾರ್ಕಿನ ಬಯಲು ಜಿಮ್ಮಿನಲ್ಲೂ ಹಿರಿಯರು ಹತ್ತುವುದು ಕಾಲು ತೂಗಾಡಿಸುವ ಯಂತ್ರಕ್ಕೆ. ಅದರಲ್ಲಿ ಕಾಲಿಗೆ ಅಂಥ ಭಾರವೇನೂ ಬೀಳುವುದಿಲ್ಲ.

ಈ ವಯಸ್ಸಿನಲ್ಲಿ ಇನ್ನೇನು ಬಲ ಬರುತ್ತೆ ಅನ್ನುವವರಿಗೆ ನಾನು ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಬಾಸ್ಟನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ 90ರ ಆಸುಪಾಸಿನ ಕೆಲವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1990ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗಿಂತಲೂ ಹೆಚ್ಚಾಗಿತ್ತು. ತೊಂಬತ್ತರಲ್ಲಿ ಆಗುವುದು ಅರವತ್ತೈದರಲ್ಲಿ ಆಗದೇ ಇರುತ್ತದೆಯೇ?

ಈಗ ಕುರ್ಚಿಯ ಪರೀಕ್ಷೆಗೆ ಬರುತ್ತೇನೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಂತು ಕೂರುವುದನ್ನು ಐದು ಸಲ ಬೇಗ ಬೇಗ ಮಾಡಿ. ಪಕ್ಕದಲ್ಲಿ ಒಬ್ಬರು ಇರಲಿ, ಅವರೇ ಗಡಿಯಾರ ನೋಡಲಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಗ್ಗುತ್ತಿದೆ ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಅಳತೆ ಕೊಟ್ಟಿದೆ. ಕೈ ಊರದೆ ಒಂದು ಸಲವೂ ಏಳಲು ಆಗದಿದ್ದರೆ ಅವತ್ತೇ ವೈದ್ಯರ ಹತ್ತಿರ ಮಾತಾಡಬೇಕು. ಹೆಂಗಸರಿಗೆ ಇನ್ನೊಂದು ಪರೀಕ್ಷೆ ನಮ್ಮ ಬಸ್ಸಿನಲ್ಲೇ ಇದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ವಯಸ್ಸಿನವರೂ ಧೈರ್ಯವಾಗಿ ಓಡಾಡುತ್ತಿದ್ದೇವೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಕಂಬಿ ಹಿಡಿದು ಮೈಯನ್ನು ಎಳೆದುಕೊಂಡೇ ಹತ್ತಬೇಕಾಗಿದ್ದರೆ ತೊಡೆ ಸೋತಿದೆ ಎಂದೇ ಅರ್ಥ. ಕಂಬಿ ಹಿಡಿಯುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ವ್ಯಾಯಾಮವೂ ಅದೇ ಕುರ್ಚಿಯದು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾವು ಕೆಲವರು ಸೇರಿ ಮಾಡುತ್ತೇವೆ. ನಿವೃತ್ತ ಪಿಟಿ ಮೇಷ್ಟ್ರೊಬ್ಬರು ಹೇಳಿಕೊಡುತ್ತಾರೆ. ಕಲ್ಲುಬೆಂಚಿನ ಮೇಲೆ ಕೂತು ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು. ಕೂರುವಾಗ ದೊಪ್ಪನೆ ಬೀಳಬಾರದು, ಇಳಿಯುವಾಗಲೇ ತೊಡೆ ಚೆನ್ನಾಗಿ ಕೆಲಸ ಮಾಡುವುದು. ಇದು ಸುಲಭವಾದ ಮೇಲೆ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಮಾಡುತ್ತೇವೆ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇವೆ, ಗೋಡೆಗೆ ಕೈಯಿಟ್ಟು ದಂಡ ಹೊಡೆಯುತ್ತೇವೆ. ಬೆಂಚಿನ ಬೆನ್ನು ಹಿಡಿದು ಒಂದು ಕಾಲಿನ ಮೇಲೆ ನಿಲ್ಲುತ್ತೇವೆ. ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಬೇಕು, ಇಲ್ಲದಿದ್ದರೆ ಸ್ನಾಯು ಬೆಳೆಯುವುದಿಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಕಷ್ಟ ಬೇರೆ, ಕೀಲು ನೋವು ಬೇರೆ, ನೋವಾದರೆ ನಿಲ್ಲಿಸಿ ಎಂದೂ ಹೇಳುತ್ತಾರೆ. ನಮ್ಮ ಗುಂಪಿನ ಅತ್ಯಂತ ಹಿರಿಯ ಅಜ್ಜಿಗೆ ಮೊದಲು ಇಬ್ಬರು ಕೈ ಕೊಡಬೇಕಿತ್ತು. ಈಗ ಅವರೇ ಏಳುತ್ತಾರೆ. ಅವರ ಮುಖ ನೋಡಬೇಕು ನೀವು!

ಮೈಸೂರು ಯೋಗದ ಊರು. ವೀರಭದ್ರಾಸನ, ಉತ್ಕಟಾಸನ ತೊಡೆಗೆ ಒಳ್ಳೆಯ ಭಾರ ಕೊಡುತ್ತವೆ, ವೃಕ್ಷಾಸನ ಸಮತೋಲನಕ್ಕೆ ಒಳ್ಳೆಯದು. ಆದರೆ ಬೆನ್ನುಮೂಳೆ ತೆಳುವಾಗಿದೆ ಎಂದು ಗೊತ್ತಿರುವವರು ಪಶ್ಚಿಮೋತ್ತಾನಾಸನದ ಹಾಗೆ ಜೋರಾಗಿ ಮುಂದಕ್ಕೆ ಬಾಗಬಾರದು. ಹಾಗೆ ಬಾಗಿದಾಗ ಬೆನ್ನುಮೂಳೆಯ ಮುಂಭಾಗ ಕುಸಿಯಬಹುದು. ಹಿರಿಯರಿಗೆ ಕಲಿಸುವ ಯೋಗ ಶಿಕ್ಷಕರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಊಟದ ಮಾತು. ಹಳೆ ಮೈಸೂರಿನವರಿಗೆ ರಾಗಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು. ದಿನಕ್ಕೆ ಬೇಕಾಗಿರುವುದು ಸಾವಿರ, ಮುಟ್ಟು ನಿಂತ ಹೆಂಗಸರಿಗೆ 1,200. ಮಧ್ಯಾಹ್ನ ಮುದ್ದೆ, ಹಾಲು ಮೊಸರು ಸೇರಿ ಎರಡು ಲೋಟ, ಜೊತೆಗೆ ನುಗ್ಗೆಸೊಪ್ಪೋ ಎಳ್ಳಿನ ಪುಡಿಯೋ ಇದ್ದರೆ ಅದರ ಹತ್ತಿರ ಹೋಗುತ್ತೇವೆ. ನಾವು ಸೋಲುವುದು ಪ್ರೋಟೀನಿನಲ್ಲಿ. ವಯಸ್ಸಾಯ್ತು, ರಾತ್ರಿ ಹಗುರಾಗಿರಲಿ ಎಂದು ಅನ್ನ ತಿಳಿಸಾರು, ಇಲ್ಲವೇ ಗಂಜಿ, ಇಲ್ಲವೇ ಕಾಫಿಗೆ ಎರಡು ರಸ್ಕು. ಅದರಲ್ಲಿ ಸ್ನಾಯು ಕಟ್ಟುವಂಥದ್ದು ಏನಿದೆ? ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಂ ಆದರೂ ಪ್ರೋಟೀನ್ ಬೇಕು ಎಂಬುದು ಈಗ ಬಹಳ ತಜ್ಞರ ಅಭಿಪ್ರಾಯ. 55 ಕಿಲೋ ಇರುವವರಿಗೆ 55 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ, 30 ಗ್ರಾಂ ಬೇಳೆ ಬೇಯಿಸಿದರೆ ಸುಮಾರು 7 ಗ್ರಾಂ. ಬೇಳೆಯ ಮೇಲಿನ ತಿಳಿನೀರು ಸಾಲದು, ಬೇಳೆಯನ್ನೇ ತಿನ್ನಬೇಕು. ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಸಾರಿನ ಜೊತೆ ಕಾಳಿನ ಪಲ್ಯವನ್ನೂ ಹಿರಿಯರಿಗೆ ಸ್ವಲ್ಪ ಜಾಸ್ತಿ ಬಡಿಸಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ವಿಟಮಿನ್ ಡಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೆಳಗಿನ ಜಾವ ವಾಕಿಂಗ್ ಮಾಡಿದರೆ ಬಿಸಿಲಿನಿಂದ ಡಿ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಳೆಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಗಂಟೆಯ ಮೇಲೆ, ಮೂರರ ಒಳಗಿನ ಬಿಸಿಲು ಬೇಕು. ವಯಸ್ಸಾದ ಚರ್ಮ ಡಿ ತಯಾರಿಸುವುದೂ ಕಡಿಮೆ. ಹಾಗೆಂದು ಅಂಗಡಿಯಲ್ಲಿ ಕೇಳಿ 60,000 ಯೂನಿಟ್ಟಿನ ಸ್ಯಾಷೆಯನ್ನು ವಾರ ವಾರ ನಿಲ್ಲಿಸದೆ ನುಂಗುವುದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಎದ್ದ ಕೂಡಲೇ ತಲೆ ಸುತ್ತುವವರು, ತುಂಬಾ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ತಮ್ಮ ಎಲ್ಲ ಮಾತ್ರೆಗಳನ್ನೂ ಒಮ್ಮೆ ವೈದ್ಯರ ಮುಂದೆ ಇಡಬೇಕು. ಸ್ಟೀರಾಯ್ಡ್ ಮೂಳೆಯನ್ನು ತೆಳುವಾಗಿಸುತ್ತದೆ, ನಿದ್ದೆ ಮಾತ್ರೆ ರಾತ್ರಿ ಬೀಳಿಸುತ್ತದೆ.

ಇನ್ನು ಸರ್ಕಾರಕ್ಕೆ ನನ್ನ ಮನವಿ. ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದು 2010-11ರಿಂದ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ವಿಭಾಗ, ಫಿಸಿಯೊಥೆರಪಿ ಇರಬೇಕು ಎಂದು ಅದರಲ್ಲಿದೆ. ಮೂಳೆ ಮುರಿದು ಬಂದ ಐವತ್ತು ದಾಟಿದ ಪ್ರತಿಯೊಬ್ಬರಿಗೂ ಡಿಸ್ಚಾರ್ಜ್ ಚೀಟಿಯಲ್ಲೇ ಮೂಳೆ ಸಾಂದ್ರತೆ ಪರೀಕ್ಷೆಗೆ ಬರೆದುಕೊಡುವುದನ್ನು ಸರ್ಕಾರಿ, ಖಾಸಗಿ ಎರಡೂ ಕಡೆ ಕಡ್ಡಾಯ ಮಾಡಲಿ. ಡೆಕ್ಸಾ ಯಂತ್ರ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಕೈಗೆಟುಕುವ ದರಕ್ಕೆ ಸಿಗಲಿ. ರಾಡ್ ಹಾಕಿ ಕಳಿಸಿದವರನ್ನು ಎಷ್ಟು ದಿನ, ಹೇಗೆ ನಡೆಸಬೇಕು ಎಂದು ಮನೆಯವರಿಗೆ ಕನ್ನಡದಲ್ಲಿ ಬರೆದು ಕೊಡಲಿ. ಅಕ್ಕನ ಮನೆಯಲ್ಲಿ ಇದು ಗೊತ್ತಿಲ್ಲದೆ ತುಂಬಾ ದಿನ ಮಲಗಿಸಿಯೇ ಇಟ್ಟಿದ್ದರು.

ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಒಳ್ಳೆಯ ಕೆಲಸ. ಅರವತ್ತು ದಾಟಿದವರ ಮನೆಯಲ್ಲಿ ಈ ಕುರ್ಚಿಯ ಪರೀಕ್ಷೆಯನ್ನೂ ಸೇರಿಸಲಿ. ರಕ್ತ ಬೇಡ, ಸ್ಟ್ರಿಪ್ ಬೇಡ, ಕುರ್ಚಿ ಪ್ರತಿ ಮನೆಯಲ್ಲೂ ಇದೆ. ಕಳೆದ ಎರಡು ವರ್ಷದಲ್ಲಿ ಬಿದ್ದಿದ್ದೀರಾ, ಮೂಳೆ ಮುರಿದಿತ್ತಾ ಎಂಬ ಎರಡು ಪ್ರಶ್ನೆ ಕೇಳಲಿ. ಇನ್ನೊಂದು ದಾರಿಯೂ ಇದೆ. ನಾವು ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಜೀವಿತ ಪ್ರಮಾಣಪತ್ರ ಕೊಡುತ್ತೇವೆ. ಈಗ ಫೋನಿನಲ್ಲೂ ಕೊಡಬಹುದು, ಆದರೂ ಬಹಳ ಜನ ಬ್ಯಾಂಕಿಗೆ ಹೋಗುತ್ತಾರೆ, ನಿವೃತ್ತ ನೌಕರರ ಸಂಘಗಳೂ ಆ ಸಮಯದಲ್ಲಿ ಶಿಬಿರ ನಡೆಸುತ್ತವೆ. ಆ ಶಿಬಿರದಲ್ಲೇ ಒಬ್ಬ ಫಿಸಿಯೊಥೆರಪಿಸ್ಟ್ ಕೂತು ಪ್ರತಿಯೊಬ್ಬರ ಕಾಲಿನ ಬಲ ನೋಡಿ, ಕಾರ್ಡಿನಲ್ಲಿ ಬರೆದುಕೊಡಲಿ. ಹೋದ ವರ್ಷ 11 ಸೆಕೆಂಡು ಇದ್ದದ್ದು ಈ ವರ್ಷ 15 ಆಗಿದೆ ಎಂದು ಬರೆದಿದ್ದು ಕಂಡರೆ ಯಾರೂ ಸುಮ್ಮನೆ ಕೂರುವುದಿಲ್ಲ. ಸಂಘದವರು ಒಪ್ಪಿದರೆ ಮೈಸೂರಿನಲ್ಲಿ ಈ ಕೆಲಸಕ್ಕೆ ಬಂದು ನಿಲ್ಲಲು ನಮ್ಮ ಪಾರ್ಕಿನ ಗುಂಪು ತಯಾರಿದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಅಕ್ಟೋಬರ್ 1 ಹಿರಿಯ ನಾಗರಿಕರ ದಿನ, 20 ವಿಶ್ವ ಆಸ್ಟಿಯೊಪೊರೋಸಿಸ್ ದಿನ. ಆ ತಿಂಗಳು ಕುರ್ಚಿಯ ಪರೀಕ್ಷೆಯನ್ನು ಚಿತ್ರ ಸಮೇತ, ದೊಡ್ಡ ಅಕ್ಷರದಲ್ಲಿ ನಿಮ್ಮ ಆರೋಗ್ಯ ಪುಟದಲ್ಲಿ ಅಚ್ಚು ಹಾಕಿ. ಕತ್ತರಿಸಿ ನಮ್ಮ ಪಾರ್ಕಿನ ಫಲಕಕ್ಕೆ ಅಂಟಿಸುತ್ತೇವೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ, ಕುವೆಂಪುನಗರ, ಮೈಸೂರು